ಟೋಪಿ, ಸಿಗಾರ್ ಇಟ್ಟರೆ ಮಾಫಿಯಾ ರೂಮ್ ಆಗಲ್ಲ: ಅಂಧೇರಿಯಲ್ಲಿ ಆಡಿದ ಒಂದು ಎಸ್ಕೇಪ್ ರೂಮ್ ಬಗ್ಗೆ

ಅಂಧೇರಿ ವೆಸ್ಟ್‌ನಲ್ಲಿ ಲಿಂಕ್ ರೋಡ್ ಹತ್ರ ಒಂದು ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿರೋ ಮಾಫಿಯಾ ಥೀಮಿನ ಎಸ್ಕೇಪ್ ರೂಮ್ ಇದು. ಮೊದಲೇ ಹೇಳಿಬಿಡ್ತೀನಿ, ನಂಗೆ ತುಂಬಾ ಇಷ್ಟ ಆಯ್ತು, ಪೈಸಾ ವಸೂಲ್. ಜಾಗದ ಹೆಸರು ಹಾಕ್ತಿಲ್ಲ, ಯಾಕಂದ್ರೆ ಕೆಳಗೆ ಬೈದಿರೋದೂ ಇದೆ, ಮತ್ತೆ ಪುಣೆಯಲ್ಲಿ ಆಡಿದ ಇನ್ನೊಂದು ಮಾಫಿಯಾ ರೂಮನ್ನ ಪಕ್ಕಕ್ಕಿಟ್ಟು ಹೇಳ್ತೀನಿ, ಅದಕ್ಕಂತೂ ಬೈಗುಳವೇ ಜಾಸ್ತಿ. ಒಳಗಿನ ನಂಬರೆಲ್ಲ ಬದಲಾಯ್ಸಿ ಬರ್ದಿದೀನಿ, ಹಾಗಾಗಿ ಇದನ್ನ ಓದಿ ಹೋದ್ರೂ ಬೀಗ ಯಾವುದೂ ತಾನಾಗೇ ತೆಗೆಯಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಒಂದು ರೂಮಿನ ಒಳಗೆ ಹೋಗ್ತೀರಿ, ಗೋಡೆ ಮೇಲೆ ಟೈಮರ್ ಓಡ್ತಿರುತ್ತೆ, ಸಾಮಾನ್ಯವಾಗಿ 60 ನಿಮಿಷ, ಅಷ್ಟರಲ್ಲಿ ಸುಳಿವು ಹುಡುಕಿ ಬೀಗ ತೆಗ್ದು ಕೊಟ್ಟ ಕೆಲಸ ಮುಗಿಸ್ಬೇಕು. ಹೊರಗಡೆ ಕ್ಯಾಮೆರಾದಲ್ಲಿ ಗೇಮ್ ಮಾಸ್ಟರ್ ನೋಡ್ತಾ ಕೂತಿರ್ತಾರೆ, ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಹಿಂಟ್ ಕೊಡ್ತಾರೆ. 2007ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಕಾವೊ ಕಾಟೊ ಅನ್ನೋರು ಇದನ್ನ ಶುರು ಮಾಡಿದ್ದು, ಅದಕ್ಕೆ ಮುಂಚೆ ಇಂಥ ಆಟ ಹೆಚ್ಚಾಗಿ ಕಂಪ್ಯೂಟರ್ ಸ್ಕ್ರೀನ್ ಮೇಲೇ ಇತ್ತು. ಈಗ ಮುಂಬೈ, ಪುಣೆ ಎಲ್ಲಾ ಕಡೆ ಇದೆ.

ಮಾಫಿಯಾ ಥೀಮ್ ನೋಡೋಕೆ ಸುಲಭ ಅನ್ಸುತ್ತೆ. ಗೋಡೆಗೆ ಕಪ್ಪು ಬಣ್ಣ, ಒಂದು ಲೆದರ್ ಸೋಫಾ, ಗೂಟಕ್ಕೆ ಒಂದು ಟೋಪಿ, ಆಶ್‌ಟ್ರೇಲಿ ಸಿಗಾರ್, ಪ್ಲಾಸ್ಟಿಕ್ ಗನ್ನು, ಹಿಂದೆ ಇಟಾಲಿಯನ್ ಮ್ಯೂಸಿಕ್, ಮುಗೀತು. ಪುಣೆಯ ರೂಮ್ ಹೀಗೇ ಇತ್ತು, 1930ರ ಶಿಕಾಗೋ ಅಂತ ಬೋರ್ಡು, ಒಳಗೆ ಹೋದ್ರೆ ಸುಡೋಕು! ಸುಡೋಕು ಬಿಡಿಸಿದ್ರೆ ನಾಲ್ಕು ಅಂಕಿ, ಆ ಅಂಕಿ ಹಾಕಿದ್ರೆ ಡ್ರಾಯರ್ ತೆಗೆಯುತ್ತೆ, ಡ್ರಾಯರಲ್ಲಿ ಬಣ್ಣ ಹೊಂದಿಸೋ ಕಾರ್ಡು, ಅದಾದ್ಮೇಲೆ ಕನ್ನಡಿ ಹಿಂದೆ ಯುವಿ ಲೈಟ್ ಹಿಡಿದ್ರೆ ಒಂದು ಬಾಣ. ಟೋಪಿ ತೆಗ್ದು ಅಲ್ಲೊಂದು ಮಮ್ಮಿ ಪೆಟ್ಟಿಗೆ ಇಟ್ರೆ ಅದೇ ರೂಮು ಈಜಿಪ್ಟಿನ ಪಿರಮಿಡ್ ಆಗ್ಬಿಡುತ್ತೆ, ಒಂದು ಬೀಗವನ್ನೂ ಬದಲಾಯ್ಸೋ ಅಗತ್ಯ ಇಲ್ಲ. ಇಷ್ಟು ರೂಮ್ ಆಡಿದ ಮೇಲೆ ನನ್ನ ಲೆಕ್ಕ ಇಷ್ಟೇ: ಥೀಮ್ ಗೋಡೆ ಮೇಲಲ್ಲ, ಕೈಗೆ ಕೊಟ್ಟ ಕೆಲಸದಲ್ಲಿ ಇರ್ಬೇಕು. ಆ ಗ್ಯಾಂಗಿನೋರು ದುಡ್ಡನ್ನ ಹೇಗೆ ಎಣಿಸ್ತಿದ್ರು, ಹೇಗೆ ಬಚ್ಚಿಡ್ತಿದ್ರು, ಒಬ್ರಿಗೊಬ್ರು ಸುದ್ದಿ ಹೇಗೆ ಕಳಿಸ್ತಿದ್ರು, ಯಾರನ್ನ ನಂಬ್ತಿದ್ರು, ಅದನ್ನೆಲ್ಲ ನಾವು ಕೈಯಾರೆ ಮಾಡಿದಾಗ ಮಾತ್ರ ಅದು ಮಾಫಿಯಾ ರೂಮ್.

ಅದರಲ್ಲೂ ಶಿಕಾಗೋ ಅಂದ್ರೆ ಪಜಲ್‌ಗೆ ಏನ್ ಬರಗಾಲ ಹೇಳಿ? ಅಮೆರಿಕದಲ್ಲಿ 1920ರಿಂದ 1933ರವರೆಗೆ ಹೆಂಡ ನಿಷೇಧ, ಆ ಕಳ್ಳ ವ್ಯಾಪಾರದಲ್ಲೇ ಅಲ್ ಕಪೋನ್ ಅಷ್ಟು ದೊಡ್ಡೋನಾಗಿದ್ದು, ಆದ್ರೆ ಅವನನ್ನ 1931ರಲ್ಲಿ ಒಳಗೆ ಹಾಕಿದ್ದು ಕೊಲೆ ಕೇಸಲ್ಲಿ ಅಲ್ಲ, ಇನ್‌ಕಮ್ ಟ್ಯಾಕ್ಸ್ ಕೇಸಲ್ಲಿ, 11 ವರ್ಷ ಶಿಕ್ಷೆ. ಹಳೇ ರೇಡ್ ಒಂದರಲ್ಲಿ ಸಿಕ್ಕಿದ್ದ ಜೂಜು ಅಡ್ಡೆಯ ಲೆಕ್ಕದ ಪುಸ್ತಕ ಸುಮ್ನೆ ಬಿದ್ದಿತ್ತು, ಟ್ಯಾಕ್ಸ್‌ನೋರು ಅದರ ಕೈಬರಹ ಯಾರ್ದು ಅಂತ ಹುಡುಕ್ಕೊಂಡು ಹೋಗಿ ಅಲ್ಲಿನ ಕ್ಯಾಶಿಯರನ್ನ ಹಿಡಿದ್ರು. ನಾಲ್ಕೈದು ಕೈಬರಹದ ಚೀಟಿ, ಒಂದು ಲೆಡ್ಜರ್, ಯಾರು ಬರ್ದಿದ್ದು ಹೇಳಿ ಅನ್ನಿ, ಒಳ್ಳೇ ಪಜಲ್ ರೆಡಿ. ಇಟಲಿಗೆ ಹೋದ್ರೆ ಸಿಸಿಲಿಯ ಬರ್ನಾರ್ಡೊ ಪ್ರೊವೆಂಜಾನೊ ಇದಾನೆ, 43 ವರ್ಷ ತಲೆಮರೆಸ್ಕೊಂಡಿದ್ದೋನು, ಫೋನ್ ಮುಟ್ತಾ ಇರ್ಲಿಲ್ಲ, ಟೈಪ್‌ರೈಟರಲ್ಲಿ ಹೊಡೆದ ಸಣ್ಣ ಸಣ್ಣ ಚೀಟಿಯಲ್ಲೇ ಇಡೀ ಕಾರುಬಾರು. ಕೆಲವು ಚೀಟಿಯಲ್ಲಿ ಹೆಸರುಗಳನ್ನ ಅಂಕಿ ಮಾಡಿ ಬರೀತಿದ್ದ, ಎ ಅಂದ್ರೆ 4, ಬಿ ಅಂದ್ರೆ 5, ಹೀಗೆ ಮೂರು ಮೂರು ಮುಂದೆ ಅಷ್ಟೆ, ಶಾಲೆ ಮಕ್ಕಳೂ ಬಿಡಿಸ್ಬಹುದು. ಕೊನೆಗೆ 2006ರ ಏಪ್ರಿಲ್ 11ಕ್ಕೆ ಕೊರ್ಲಿಯೋನೆ ಹತ್ರದ ಒಂದು ತೋಟದ ಮನೇಲಿ ಸಿಕ್ಕಿಬಿದ್ದ, ಪೊಲೀಸರು ಹಿಂಬಾಲಿಸಿದ್ದು ಮನೆಯಿಂದ ಅವನಿಗೆ ಹೋಗ್ತಿದ್ದ ಒಗೆದ ಬಟ್ಟೆ ಗಂಟನ್ನ. ಟೈಪ್‌ರೈಟರ್, ಚೀಟಿ, ಬಟ್ಟೆ ಗಂಟು, ಇಷ್ಟು ಸಾಮಾನು ಇದ್ರೆ ನಾನು ಅರ್ಧ ಗಂಟೆ ಸಂತೋಷವಾಗಿ ನೆಲದ ಮೇಲೆ ಕೂತು ಆಡ್ತೀನಿ, ಇದನ್ನೆಲ್ಲ ಬಿಟ್ಟು ಸುಡೋಕು ಕೊಡೋರಿಗೆ ಏನ್ ಹೇಳೋದು.

ಅಂಧೇರಿಯೋರು ಶಿಕಾಗೋ ಗೊಡವೆಗೇ ಹೋಗಿಲ್ಲ, ಬಾಂಬೆ ತಗೊಂಡಿದಾರೆ, ಎಪ್ಪತ್ತರ ದಶಕದ ಕೊನೆ. ಕತೆ ಹೀಗೆ: ನಾವೆಲ್ಲ ಒಂದೇ ಬೀದಿಯ ಅಂಗಡಿಯೋರು, ಪ್ರತಿ ತಿಂಗಳು ಹಫ್ತಾ ಕೊಟ್ಟು ಸಾಕಾಗಿದೆ, ಭಾಯಿಯ ಮುನೀಮ ರಾತ್ರೋರಾತ್ರಿ ಓಡಿಹೋಗಿದಾನೆ, ಭಾಯಿ ಆಫೀಸಿಗೆ ವಾಪಸ್ ಬರೋಕೆ ಒಂದು ಗಂಟೆ ಇದೆ, ಅಷ್ಟರಲ್ಲಿ ಹಫ್ತಾ ಲೆಕ್ಕದ ಪುಸ್ತಕ ಹುಡುಕ್ಬೇಕು. ನಮ್ಮನ್ನ ಡಾನ್ ಮಾಡಿಲ್ಲ ನೋಡಿ, ಅಲ್ಲೇ ಅವರು ಗೆದ್ದಿದ್ದು. ನಾವು ಹೋಗಿದ್ದು ನಾನು, ತಂಗಿ, ಅವಳ ಗಂಡ, ಅವಳ ಮಗ, ಮತ್ತೆ ನಮ್ಮ ಮಾವ. ಮಾವ ಉಡುಪಿ ಕಡೆಯಿಂದ ಚಿಕ್ಕ ವಯಸ್ಸಲ್ಲೇ ಬಂದು ಫೋರ್ಟಲ್ಲಿ ಹೋಟೆಲ್ ಕೆಲಸಕ್ಕೆ ಸೇರಿ ಆಮೇಲೆ ಸ್ವಂತ ಹೋಟೆಲ್ ನಡೆಸಿದೋರು. ಕತೆ ಓದಿ ಹೇಳಿದಾಗ ಅವರು "ನಮ್ಮದೇ ಕತೆ ಅಲ್ವಾ ಮಾರಾಯ ಇದು" ಅಂದ್ರು, ಅಲ್ಲಿವರೆಗೂ ಇವರು ಬೇಜಾರಲ್ಲಿ ಸೋಫಾ ಮೇಲೆ ಕೂತ್ಬಿಡ್ತಾರೇನೋ ಅಂತ ತಂಗಿಗೆ ಚಿಂತೆ ಇತ್ತು.

ಈ ಊರಲ್ಲಿ ಹೋಟೆಲ್ ಮಾಡಿದ ನಮ್ಮ ಜನರ ಮನೆಗಳಲ್ಲಿ ಹಫ್ತಾ, ಖಂಡಣಿ ಅನ್ನೋದು ಸಿನೆಮಾ ವಿಷಯ ಅಲ್ಲ. ತೊಂಬತ್ತರ ದಶಕದಲ್ಲಿ ಬಿಲ್ಡರ್, ಸಿನೆಮಾದೋರು, ಬಾರ್ ಮತ್ತು ಹೋಟೆಲಿನೋರು ಅಂತ ಎಷ್ಟೋ ಜನಕ್ಕೆ ದುಡ್ಡು ಕೊಡಿ ಅಂತ ಫೋನ್ ಬರ್ತಿತ್ತು, ಮಹಾರಾಷ್ಟ್ರ ಸರ್ಕಾರ 1999ರಲ್ಲಿ ಮೋಕಾ ಕಾಯಿದೆ ತಂದಿದ್ದೇ ಇಂಥ ಗ್ಯಾಂಗ್‌ಗಳ ಮೇಲೆ. ಹಾಗಾಗಿ ಮಾಫಿಯಾ ರೂಮ್ ಅಂದ್ಕೂಡ್ಲೇ ಭಾಯಿಯ ಕುರ್ಚಿ ಮೇಲೆ ಕೂತು ಗನ್ ಹಿಡಿದು ಫೋಟೋ ತೆಗೆಸ್ಕೊಳ್ಳೋದು ನಂಗೆ ಸರಿ ಅನ್ಸಲ್ಲ. ಪುಣೆಯಲ್ಲಿ ಕೊನೇಲಿ ಗನ್ ಕೊಟ್ಟು ನಿಲ್ಸಿ ಫೋಟೋ ತೆಗೆದ್ರು. ಅಂಧೇರಿಯಲ್ಲಿ ಫೋಟೋಗೆ ಕೈಗೆ ಕೊಟ್ಟಿದ್ದು ಆ ಹಫ್ತಾ ಲೆಕ್ಕದ ಪುಸ್ತಕ, ಕೆಂಪು ಬಟ್ಟೆಯ ಚೋಪಡಿ. ಯೋಚನೆ ಮಾಡಿ ಮಾಡಿದಾರೆ ಅಂತ ಗೊತ್ತಾಗುತ್ತೆ.

ಈಗ ಪಜಲ್‌ಗೆ ಬರ್ತೀನಿ, ಇಲ್ಲೇ ಮಜಾ ಇರೋದು. ಮೇಜಿನ ಮೇಲೆ ಕಪ್ಪು ಡಯಲ್ ಫೋನ್, ಡ್ರಾಯರಲ್ಲಿ ಹರಿದ ಹತ್ತು ರೂಪಾಯಿ ನೋಟಿನ ಅರ್ಧ ಭಾಗ. ಇನ್ನರ್ಧ ಹುಡುಕಿ ಜೋಡಿಸಿದ್ರೆ ಪೂರ್ತಿ ನಂಬರ್ ಸಿಗುತ್ತೆ. ಹವಾಲಾದಲ್ಲಿ ನಿಜವಾಗ್ಲೂ ಹೀಗೇ ನಡೀತಿತ್ತು, ರಸೀದಿ ಇಲ್ಲ ಸಹಿ ಇಲ್ಲ, ನೋಟಿನ ನಂಬರೇ ಗುರುತು, ಈ ಕಡೆಯೋನು ನೋಟು ತೋರ್ಸಿದ್ರೆ ಆ ಕಡೆಯೋನು ನಂಬರ್ ತಾಳೆ ನೋಡಿ ದುಡ್ಡು ಎಣಿಸಿ ಕೊಡೋದು. ಆ ಆರು ಅಂಕಿಯನ್ನ ಫೋನಲ್ಲಿ ತಿರುಗಿಸ್ಬೇಕು. ತಂಗಿ ಮಗನಿಗೆ ಹದಿಮೂರು ವರ್ಷ, ಅವನು ತೂತಿನ ಒಳಗೆ ಬೆರಳಿಟ್ಟು ಬಟನ್ ತರ ಒತ್ತುತ್ತಾ ಇದಾನೆ. ಮಾವ ಅವನ ಬೆರಳು ಹಿಡ್ಕೊಂಡು ಕೊಂಡಿ ತಾಗೋವರೆಗೂ ತಿರುಗಿಸಿ ಬಿಟ್ರು, ಡಯಲ್ ಕಿರ್ರ್ ಅಂತ ತಾನೇ ವಾಪಸ್ ಬಂತು, ಅದು ನಿಂತ ಮೇಲೆ ಇನ್ನೊಂದು ಅಂಕಿ. ಹುಡುಗ ಮೂರನೇ ಅಂಕಿಯಿಂದ ಒಬ್ನೇ ಮಾಡ್ದ. ಆ ಕಡೆಯಿಂದ ಒಂದು ದನಿ ಬರುತ್ತೆ, ಅದು ಏನ್ ಹೇಳುತ್ತೆ ಅಂತ ಹೇಳಲ್ಲ.

ಆಮೇಲೆ ಮಟ್ಕಾ. ಅಂಕಿ ಮೇಲೆ ದುಡ್ಡು ಕಟ್ಟೋ ಜೂಜು, ನಮ್ಮೂರ ಕಡೆ ಓಸಿ ಅಂತಾರಲ್ಲ ಅದೇ. ಇದರ ಹುಟ್ಟು ಕೇಳಿದ್ರೆ ಆಶ್ಚರ್ಯ ಆಗುತ್ತೆ: ನ್ಯೂಯಾರ್ಕ್ ಹತ್ತಿ ಮಾರ್ಕೆಟ್ಟಿನ ಶುರು ರೇಟು ಮತ್ತೆ ಮುಗಿಯೋ ರೇಟು ಟೆಲಿಪ್ರಿಂಟರಲ್ಲಿ ಬಾಂಬೆಗೆ ಬರ್ತಿತ್ತು, ಅದರ ಮೇಲೆ ಇಲ್ಲಿ ಬಾಜಿ ಕಟ್ತಿದ್ರು, ಅರವತ್ತರ ಶುರುವಲ್ಲಿ ಅದು ನಿಂತ್ಹೋದ ಮೇಲೆ 1962ರಲ್ಲಿ ಕಲ್ಯಾಣ್‌ಜಿ ಭಗತ್ ವರ್ಲಿ ಮಟ್ಕಾ ಶುರು ಮಾಡಿದ್ದು, ಎರಡು ವರ್ಷ ಬಿಟ್ಟು ರತನ್ ಖತ್ರಿ. ಇಸ್ಪೀಟಲ್ಲಿ ಮೂರು ಎಲೆ ತೆಗೀತಾರೆ, ಕೂಡಿಸ್ತಾರೆ, ಬಂದಿದ್ದರ ಕೊನೇ ಅಂಕಿ ಓಪನ್, ಆಮೇಲೆ ಇನ್ನೂ ಮೂರು ಎಲೆ, ಅದು ಕ್ಲೋಸ್, ಎರಡೂ ಸೇರಿದ್ರೆ ಜೋಡಿ. ಗಿರಣಗಾಂವ್, ಅಂದ್ರೆ ಬಾಂಬೆಯ ಬಟ್ಟೆ ಮಿಲ್‌ಗಳ ಏರಿಯಾದ ಕೆಲಸಗಾರರೆಲ್ಲ ಆಡ್ತಿದ್ರು. ರೂಮಲ್ಲಿ ಗೋಡೆಗೆ ಒಂದು ಕಪ್ಪು ಹಲಗೆ, ಅದಕ್ಕೆ ಇಸ್ಪೀಟ್ ಎಲೆ ಸಿಕ್ಕಿಸಿದಾರೆ, ಈ ಕಡೆ ಮೂರು, ಏಳು, ಎಂಟು, ಆ ಕಡೆ ಎರಡು, ನಾಲ್ಕು, ಒಂಬತ್ತು. ಕೆಳಗೆ ಎರಡೇ ಅಂಕಿ ಹಾಕೋ ತಿಜೋರಿ. ಭಾವ ಇಂಜಿನಿಯರು, ಗುಣಿಸಿದ್ರು, ಕಳೆದ್ರು, ಎಲೆಗಳನ್ನ ತಲೆಕೆಳಗೆ ಮಾಡಿ ನೋಡಿದ್ರು. ಮಾವ ಕನ್ನಡಕ ಮೇಲೆ ಮಾಡಿ ಹಲಗೆ ನೋಡಿ "ಇದು ಓಪನ್, ಇದು ಕ್ಲೋಸು. ಹದಿನೆಂಟು, ಎಂಟು ಇಟ್ಕೋ. ಹದಿನೈದು, ಐದು ಇಟ್ಕೋ. ಎಂಬತ್ತೈದು ಹಾಕು ಮಗಾ" ಅಂದ್ರು. ತಿಜೋರಿ ತೆಗೀತು! ಅವರು ಒಂದು ದಿನ ಆಡಿದೋರಲ್ಲ, ಆದ್ರೆ ವರ್ಷಗಟ್ಟಲೆ ಗಲ್ಲೆ ಮೇಲೆ ಕೂತೋರಿಗೆ ಗಿರಾಕಿಗಳು ಬಿಲ್ ಹಿಂದೆ ಗೀಚೋ ಲೆಕ್ಕ ಬಾಯಿಪಾಠ ಆಗಿರುತ್ತೆ.

ಮಾವ ಇಲ್ಲದಿದ್ರೆ ಏನ್ ಮಾಡ್ತಿದ್ವಿ ಅಂತ ನೀವು ಕೇಳ್ಬಹುದು, ಅದಕ್ಕೂ ದಾರಿ ಇಟ್ಟಿದಾರೆ. ಮುನೀಮನ ಟಿಪ್ಪಣಿ ಪುಸ್ತಕದಲ್ಲಿ ಹಳೇ ದಿನಗಳ ಎಲೆಗಳೂ ಜೋಡಿಗಳೂ ಬರ್ದಿವೆ, ನಾಲ್ಕು ಸಾಲು ನೋಡಿದ್ರೆ ನಿಯಮ ತಾನಾಗೇ ಹೊಳೆಯುತ್ತೆ. ಇದು ಬಹಳ ದೊಡ್ಡ ವಿಷಯ. ಒಳ್ಳೇ ರೂಮಲ್ಲಿ ಹೊರಗಿನ ಜ್ಞಾನ ಇದ್ದೋರಿಗೆ ಬೇಗ ಆಗುತ್ತೆ, ಇಲ್ಲದೋರಿಗೂ ಬೇಕಾದ್ದೆಲ್ಲ ಒಳಗೇ ಸಿಗುತ್ತೆ. ಪುಣೆಯಲ್ಲಿ ಒಂದು ಬೀಗಕ್ಕೆ ಇಟಲಿಯ ಯಾವುದೋ ಊರಿನ ಹೆಸರು ಗೊತ್ತಿರ್ಬೇಕಿತ್ತು, ರೂಮಿನ ಒಳಗೆ ಅದರ ಸುಳಿವೇ ಇಲ್ಲ, ಗೇಮ್ ಮಾಸ್ಟರ್ ಕೊನೆಗೆ ಬಾಯ್ಬಿಟ್ಟು ಹೇಳಿದ್ರು. ಅದಕ್ಕೆ ಪಜಲ್ ಅನ್ನೋಲ್ಲ.

ಚಿನ್ನದ ಬಿಸ್ಕೆಟ್ ಪಜಲ್ ಮಾತ್ರ ಬಿಡದೇ ಹೇಳ್ಲೇಬೇಕು. 1968ರ ಚಿನ್ನ ನಿಯಂತ್ರಣ ಕಾಯಿದೆ ಅಂತ ಒಂದಿತ್ತು, 1990ರಲ್ಲಿ ತೆಗೆದ್ರು, ಅದಿರೋವರೆಗೂ ಸಾಮಾನ್ಯ ಜನ ಮನೇಲಿ ಚಿನ್ನದ ಗಟ್ಟಿ ಇಟ್ಕೊಳ್ಳೋ ಹಾಗಿರ್ಲಿಲ್ಲ, ಹಾಗಾಗಿ ಗಲ್ಫ್ ಕಡೆಯಿಂದ ದೋಣಿಯಲ್ಲಿ ಕಳ್ಳಸಾಗಣೆ. ಬರ್ತಿದ್ದುದು ಹತ್ತು ತೊಲೆ ಬಿಸ್ಕೆಟ್, ಒಂದೊಂದು 116 ಗ್ರಾಂ ಚಿಲ್ರೆ, ಅದನ್ನ ಸಾಲಾಗಿ ಜೇಬಿರೋ ಬನಿಯನ್ ತರದ ಜಾಕೆಟಲ್ಲಿ ತುಂಬಿ ಮೈಗೆ ಕಟ್ಕೊಂಡು ಸಾಗಿಸ್ತಿದ್ರು. ಇಲ್ಲಿ ಆ ಜಾಕೆಟ್ ಇದೆ, ದಪ್ಪ ಖಾದಿ ಬಟ್ಟೆ, ಕೈಯಲ್ಲಿ ಹೊಲಿದ ಜೇಬು, ಒಳಗೆ ಹಿತ್ತಾಳೆ ಬಿಸ್ಕೆಟ್‌ಗಳು, ಪಕ್ಕದಲ್ಲಿ ಅಕ್ಕಸಾಲಿಗರ ತಕ್ಕಡಿ. ಒಂದು ಬಿಸ್ಕೆಟ್ ಒಳಗೆ ಟೊಳ್ಳು, ಅದರಲ್ಲೇ ಕೀಲಿ, ಮುಟ್ಟಿದ್ರೆ ಗೊತ್ತಾಗಲ್ಲ, ತೂಕಕ್ಕೇ ಹಾಕ್ಬೇಕು. ಹಿತ್ತಾಳೆಯ ಜಾಕೆಟ್ಟೇ ಹಾಕ್ಕೊಂಡ್ರೆ ಹೆಗಲು ಜಗ್ಗುತ್ತೆ, ಚಿನ್ನ ಅದಕ್ಕಿಂತ ಎರಡು ಪಟ್ಟಿಗೂ ಮೀರಿ ಭಾರ, ಅದನ್ನ ಹಾಕ್ಕೊಂಡು ಏನೂ ಆಗದೋರ ತರ ಡಾಕ್ ಗೇಟ್ ದಾಟೋದು ಅಂದ್ರೆ ಏನು ಅಂತ ಮೈಗೇ ಗೊತ್ತಾಗುತ್ತೆ. ಹತ್ತು ಪುಟ ಓದಿದ್ರೂ ಬರದಿರೋ ತಿಳುವಳಿಕೆ ಒಂದು ಜಾಕೆಟಲ್ಲಿ ಬಂತು.

ಇನ್ನೊಂದು ಐಡಿಯಾ ತುಂಬಾ ಚೆನ್ನಾಗಿತ್ತು, ಆದ್ರೆ ಅರ್ಧಕ್ಕೇ ಬಿಟ್ಟಿದಾರೆ. ಒಳಗೆ ಹೋಗೋ ಮುಂಚೆ ಎಲ್ರಿಗೂ ಒಂದೊಂದು ಕವರ್ ಕೊಡ್ತಾರೆ, ಒಬ್ರ ಕವರಲ್ಲಿ ಮಾತ್ರ ನೀನು ಭಾಯಿಯ ಖಬರಿ (ಗುಟ್ಟಾಗಿ ಸುದ್ದಿ ಮುಟ್ಟಿಸೋನು), ಪುಸ್ತಕದಿಂದ ಒಂದು ಹಾಳೆ ಕದ್ದು ಇಟ್ಕೋ ಅಂತ ಬರ್ದಿರುತ್ತೆ. ಬ್ಯಾಂಕ್ ದರೋಡೆ ರೂಮಿಗೂ ಮಾಫಿಯಾ ರೂಮಿಗೂ ಇರೋ ವ್ಯತ್ಯಾಸವೇ ಇದು, ಗ್ಯಾಂಗಿನೋರಿಗೆ ಭಯ ಹೊರಗಿನ ಪೊಲೀಸಿಂದ ಎಷ್ಟೋ ಅದಕ್ಕಿಂತ ಜಾಸ್ತಿ ಪಕ್ಕದಲ್ಲಿ ನಿಂತೋನಿಂದ. ತಂಗಿಗೆ ಆ ಕವರ್ ಬಂದಿತ್ತು, ಅವಳು ಎಷ್ಟು ಚೆನ್ನಾಗಿ ಮುಚ್ಚಿಟ್ಳು ಅಂದ್ರೆ ಪಕ್ಕದಲ್ಲೇ ನಿಂತು ಟಾರ್ಚ್ ಹಿಡಿದ ಅವಳ ಗಂಡನಿಗೂ ಗೊತ್ತಾಗ್ಲಿಲ್ಲ. ಆದ್ರೆ ಕೊನೇಲಿ ಏನೂ ಆಗ್ಲಿಲ್ಲ! ಪುಸ್ತಕ ಟೇಬಲ್ ಮೇಲಿಟ್ಟ ಕೂಡ್ಲೇ ಸೈರನ್ ಕೂಗಿ ಬಾಗಿಲು ತೆಗೀತು, ಹಾಳೆ ಇದೆಯಾ ಇಲ್ವಾ ಯಾರೂ ಕೇಳ್ಲಿಲ್ಲ, ಖಬರಿ ಯಾರು ಅಂತ ನಮ್ಮಿಂದ ಹೇಳಿಸ್ಲೂ ಇಲ್ಲ. ಅಷ್ಟು ಹೊತ್ತು ಕಟ್ಟಿದ ಅನುಮಾನ ಎಲ್ಲಾ ನೀರಲ್ಲಿ ಹೋಮ. ಕೊನೇ ಐದು ನಿಮಿಷ ನಮ್ಮನ್ನೆಲ್ಲ ಕೂರಿಸಿ, ಯಾರು ಅಂತ ಬೆರಳು ತೋರಿಸಿ ಅಂದಿದ್ರೆ ಸಾಕಿತ್ತು. ಹೊರಗೆ ಬಂದು ಗೇಮ್ ಮಾಸ್ಟರ್‌ಗೆ ಇದನ್ನೇ ಹೇಳಿದ್ವಿ, ಆ ಹುಡುಗಿ ಬರ್ಕೊಂಡ್ಳು.

ಅವಳ ಬಗ್ಗೆ ಒಳ್ಳೇ ಮಾತು ಹೇಳ್ಬೇಕು. ಹಿಂಟ್‌ಗೆ ಸ್ಕ್ರೀನ್ ಇಲ್ಲ, ಅದೇ ಕಪ್ಪು ಫೋನ್ ರಿಂಗ್ ಆಗುತ್ತೆ, ಎತ್ತಿದ್ರೆ ಹಿಂದಿಯಲ್ಲಿ ಪಕ್ಕದ ಪಾನ್‌ವಾಲಾ ತರ ಮಾತಾಡ್ತಾಳೆ, ಉತ್ತರ ಹೇಳಲ್ಲ, ಎಲ್ಲಿ ನೋಡಿಲ್ಲ ಅಂತಷ್ಟೇ ನೆನಪಿಸ್ತಾಳೆ. ನಾವು ಒಂದೇ ಬೀಗಕ್ಕೆ ಜೋತುಬಿದ್ದು ಬೇಸರ ಶುರುವಾಗೋ ಹೊತ್ತಿಗೆ ಸರಿಯಾಗಿ ಫೋನ್ ಬಂತು, ಅದಕ್ಕೂ ಒಂದು ನಿಮಿಷ ಮುಂಚೆ ಬಂದಿದ್ರೆ ಸಿಟ್ಟು ಬರ್ತಿತ್ತು. ಈ ಸಮಯಪ್ರಜ್ಞೆ ದುಡ್ಡು ಕೊಟ್ಟು ಹಾಕ್ಸೋ ಸೆಟ್ಟಿಂಗಿಂದ ಬರಲ್ಲ.

ಸೇಫ್ಟಿ ವಿಷಯ ದಯವಿಟ್ಟು ಯಾರೂ ಹಗುರ ಮಾಡ್ಬೇಡಿ. 2019ರ ಜನವರಿಯಲ್ಲಿ ಪೋಲೆಂಡಿನ ಕೊಶಾಲಿನ್ ಅನ್ನೋ ಊರಲ್ಲಿ ಹುಟ್ಟುಹಬ್ಬಕ್ಕೆ ಅಂತ ಎಸ್ಕೇಪ್ ರೂಮಿಗೆ ಹೋದ ಐದು ಜನ ಹುಡುಗಿಯರು, ಎಲ್ಲಾ ಹದಿನೈದರ ವಯಸ್ಸು, ಬೆಂಕಿ ಬಿದ್ದು ಒಳಗೇ ತೀರ್ಕೊಂಡ್ರು, ಹೊರಗೆ ಬರೋಕೆ ಬೇರೆ ದಾರಿನೇ ಇರ್ಲಿಲ್ಲ. ಹಾಗಾಗಿ ಎಲ್ಲಿಗೆ ಹೋದ್ರೂ ಆಟ ಶುರುವಾಗೋ ಮುಂಚೆ ಕೇಳಿ, ಕರೆಂಟ್ ಹೋದ್ರೆ ಬಾಗಿಲು ತೆಗೆಯುತ್ತಾ? ಮ್ಯಾಗ್ನೆಟಿಕ್ ಲಾಕ್ ಆಗಿದ್ರೆ ಕರೆಂಟ್ ಇರೋವರೆಗೆ ಮಾತ್ರ ಹಿಡ್ಕೊಂಡಿರುತ್ತೆ, ಹೋದ ಕ್ಷಣ ಬಿಟ್ಬಿಡುತ್ತೆ, ಅದು ಒಳ್ಳೇದು. ಅಂಧೇರಿಯಲ್ಲಿ ಹಸಿರು ಬಟನ್ ತೋರಿಸಿ, ನಮ್ಮ ಕೈಯಲ್ಲೇ ಒಂದ್ಸಲ ಒತ್ತಿಸಿ, ಬಾಗಿಲು ತೆಗೆದಿದ್ದು ನೋಡಿದ ಮೇಲೇ ಟೈಮರ್ ಶುರು ಮಾಡಿದ್ರು. ಪುಣೆಯಲ್ಲಿ ನನ್ನ ಕೈಗೆ ನಿಜವಾದ ಕಬ್ಬಿಣದ ಬೇಡಿ ಹಾಕಿ ಪೈಪಿಗೆ ಕಟ್ಟಿದ್ರು, ಎಮರ್ಜೆನ್ಸಿಗೆ ಕೀ ಎಲ್ಲಿದೆ ಅಂದ್ರೆ ಕೌಂಟರಲ್ಲಿದೆ ಸರ್ ಅಂದ್ರು. ಇದನ್ನ ಒಪ್ಕೊಳ್ಳೋಕೆ ಆಗಲ್ಲ. ಬೇಡಿ ಬೇಕೇ ಬೇಕು ಅಂದ್ರೆ ಎಳೆದ್ರೆ ಬಿಚ್ಕೊಳ್ಳೋದು ಹಾಕಿ.

ಅಂಧೇರಿಯ ಬೇರೆ ಕೊರತೆಗಳು: ಹಿಂದೆ ಓಡೋ ಹಳೇ ಬಾಂಬೆ ಟ್ರಾಫಿಕ್ ಸೌಂಡ್ ತುಂಬಾ ಜೋರು, ಫೋನಲ್ಲಿ ಹೇಳಿದ್ದು ಮಾವನಿಗೆ ಕೇಳಿಸ್ಲೇ ಇಲ್ಲ. ಹಫ್ತಾ ಚೋಪಡಿಯ ಅಕ್ಷರ ಇರುವೆ ಸಾಲಿನ ತರ, ಅದೂ ಮಂದ ಬೆಳಕಲ್ಲಿ, ವಯಸ್ಸಾದೋರು ಬರ್ತಾರೆ ಅಂತ ಯೋಚ್ನೆ ಮಾಡಿಲ್ಲ. ಒಂದು ನಂಬರ್ ಲಾಕ್ ಸವೆದು ಹೋಗಿದೆ, ಸರಿಯಾದ ನಂಬರ್ ಹಾಕಿದ್ರೂ ಜೋರಾಗಿ ಎಳೀಬೇಕು, ಇದರಿಂದ ಉತ್ತರವೇ ತಪ್ಪು ಅಂದ್ಕೊಂಡು ಒಂದಷ್ಟು ಹೊತ್ತು ವೇಸ್ಟ್ ಆಯ್ತು, ಮೂರ್ನಾಲ್ಕು ನೂರು ರೂಪಾಯಿ ಬೀಗ ಬದಲಾಯ್ಸೋಕೆ ಏನ್ ಕಷ್ಟ ಸ್ವಾಮಿ. ಎಸಿ ಮಾತ್ರ ಚೆನ್ನಾಗಿತ್ತು.

ಶನಿವಾರ ಭಾನುವಾರ ತಲಾ ಸಾವಿರ ರೂಪಾಯಿ ಆಸುಪಾಸು, ವಾರದ ದಿನ ಸ್ವಲ್ಪ ಕಮ್ಮಿ. ಎಂಟು ಜನರವರೆಗೆ ಬಿಡ್ತಾರೆ, ಆದ್ರೆ ನಾಲ್ಕೈದಕ್ಕಿಂತ ಜಾಸ್ತಿ ಹೋಗ್ಬೇಡಿ, ಫೋನ್ ಒಂದೇ, ತಕ್ಕಡಿ ಒಂದೇ, ಉಳಿದೋರು ಬೇರೆಯವರ ಬೆನ್ನು ನೋಡ್ತಾ ನಿಲ್ಬೇಕಾಗುತ್ತೆ. ಹತ್ತು ವರ್ಷದ ಕೆಳಗಿನ ಮಕ್ಕಳಿಗೆ ಅರ್ಥ ಆಗಲ್ಲ. ಮನೇಲಿ ಎಪ್ಪತ್ತು ಎಂಬತ್ತರ ದಶಕದ ಬಾಂಬೆ ಕಂಡ ಹಿರಿಯರಿದ್ರೆ ಅವರನ್ನ ಖಂಡಿತ ಕರ್ಕೊಂಡು ಹೋಗಿ, ಲಿಫ್ಟ್ ಇದೆ, ಓದೋ ಕನ್ನಡಕ ಮರೀಬೇಡಿ. ಕಾರ್ ತಗೊಂಡು ಹೋದ್ರೆ ಪಾರ್ಕಿಂಗ್ ಗೋಳು, ಮೆಟ್ರೋ 2ಎ ಲೈನ್ ಲಿಂಕ್ ರೋಡ್ ಮೇಲೇ ಹೋಗುತ್ತೆ, ಅದೇ ವಾಸಿ. ಬುಕ್ ಮಾಡುವಾಗ ಬೆಳಗ್ಗಿನ ಮೊದಲ ಸ್ಲಾಟ್ ಕೇಳಿ, ಹಿಂದಿನ ಗ್ರೂಪ್ ಇರಲ್ಲ, ಎಲ್ಲಾ ಸಾಮಾನು ಸರಿಯಾದ ಜಾಗದಲ್ಲೇ ಇರುತ್ತೆ, ಮತ್ತೆ ಗಾಡಿ ಸೌಂಡ್ ಸ್ವಲ್ಪ ಕಮ್ಮಿ ಮಾಡಿ ಅಂತ ಒಳಗೆ ಹೋಗೋ ಮುಂಚೆನೇ ಹೇಳಿ, ಕೇಳಿದ್ರೆ ಮಾಡ್ತಾರೆ.